ಎರಡನೆಯ ಸ್ಲಾಟು, ನಾಲ್ಕನೆಯ ಸ್ಲಾಟು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರಿಗೆ ಕೊರತೆಯಿಲ್ಲವಾದರೂ, ತಾವು ಮಾಡುವ ಕೆಲಸದ ಕಾರಣವನ್ನು ಬಲ್ಲವರು, ಅದನ್ನು ಗಿರಾಕಿಗೆ ಬಿಡಿಸಿ ಹೇಳುವ ವ್ಯವಧಾನವನ್ನು ಉಳಿಸಿಕೊಂಡವರು ವಿರಳ. ಅಂತಹ ತರುಣನೊಬ್ಬನನ್ನು ಈಚೆಗೆ ಅಲ್ಲಿಯ ಮಹಡಿಯಂಗಡಿಯೊಂದರಲ್ಲಿ ಕಂಡೆನು. ಅವನ ಮುಂದೆ ಮುಚ್ಚಳ ತೆರೆದ ಯಂತ್ರವೊಂದಿತ್ತು: ರೈಜನ್ 5 5600ಜಿ ಪ್ರೊಸೆಸರ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲ, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ಕುಗಳು ಮೊದಲೆರಡು ಸ್ಲಾಟುಗಳಲ್ಲಿ ಅಕ್ಕಪಕ್ಕದಲ್ಲಿದ್ದವು. ಆಟಗಳು ಪರದೆಯ ಮೇಲೆ ತಡವರಿಸುತ್ತವೆಂಬುದು ಒಡೆಯನ ದೂರು. ತರುಣನು ಮೊದಲ ಸ್ಲಾಟಿನ ಸ್ಟಿಕ್ಕನ್ನು ಕಿತ್ತು ನಾಲ್ಕನೆಯದರಲ್ಲಿ ಒತ್ತಿದನು, ಮತ್ತೇನನ್ನೂ ಮುಟ್ಟಲಿಲ್ಲ. ಒಂದು ರೂಪಾಯಿಯ ಬಿಡಿಭಾಗವೂ ಹೊಸದಾಗಿ ಸೇರದೆ, ಸಿಪಿಯು-ಝಡ್ ತಂತ್ರಾಂಶದಲ್ಲಿ ಮೆಮೊರಿ ಚಾನೆಲ್ ಸಿಂಗಲ್ ಎಂದಿದ್ದುದು ಡ್ಯುಯಲ್ ಎಂದಾಯಿತು. ಆಟದ ಓಟವೂ ಕಣ್ಣಿಗೆ ಕಾಣುವಷ್ಟು ಸುಗಮವಾಯಿತು.

ಲೆಕ್ಕ ಸರಳವಾದುದೇ. ಮೊದಲೆರಡು ಸ್ಲಾಟುಗಳು ಒಂದು ಚಾನೆಲ್ಲಿಗೆ, ಎಂದರೆ ಮೆಮೊರಿಗೂ ಪ್ರೊಸೆಸರಿಗೂ ನಡುವಿನ ಒಂದು ಹಾದಿಗೆ, ಕೊನೆಯೆರಡು ಮತ್ತೊಂದಕ್ಕೆ ಸೇರಿದವು. ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್ಲಿನ ಅಗಲ 64 ಬಿಟ್, ಸೆಕೆಂಡಿಗೆ ಸಾಗಿಸುವ ಪ್ರಮಾಣ 25.6 ಜಿಬಿ, ಎರಡು ಚಾನೆಲ್ ಕೂಡಿದರೆ 51.2. ಆದರೆ ಕಾಗದದ ಮೇಲಿನ ಈ ಇಮ್ಮಡಿಯಲ್ಲಿ ನನಗೆ ಪೂರ್ಣ ವಿಶ್ವಾಸವಿಲ್ಲ. ಪ್ರೊಸೆಸರ್ ಒಮ್ಮೆಗೆ ಬೇಡುವುದು 64 ಬೈಟುಗಳ ಒಂದು ಕ್ಯಾಶ್ ಸಾಲನ್ನು. 8 ಬೈಟುಗಳಂತೆ ಎಂಟು ಸಲ ಸಾಗಿಸಿ ಒಂದೇ ಚಾನೆಲ್ ಅದನ್ನು ಪೂರೈಸಿಬಿಡುತ್ತದೆಯಾದುದರಿಂದ, ಒಂಟಿ ಬೇಡಿಕೆಗೆ ಎರಡನೆಯ ಚಾನೆಲ್ಲಿನಿಂದ ಯಾವ ಉಪಕಾರವೂ ಇಲ್ಲ. ಬೇಡಿಕೆಗಳು ಗುಂಪುಗೂಡಿ ಬಂದಾಗಲೇ ಅದರ ಪ್ರಯೋಜನ. ಪತ್ರ ಬೆರಳಚ್ಚಿಸುವವರಿಗೆ ಇದರ ಸುಳಿವೇ ಹತ್ತದು. ಸ್ವಂತ ಮೆಮೊರಿಯಿಲ್ಲದೆ ಪ್ರೊಸೆಸರಿನ ಒಡಲಲ್ಲೇ ವಾಸಿಸುವ ಗ್ರಾಫಿಕ್ಸ್ ಭಾಗಕ್ಕಾದರೋ ಇದೇ ಜೀವಾಳ.

ಇಷ್ಟನ್ನು ಬಲ್ಲವರು ಅನೇಕರು. ನನ್ನ ಕುತೂಹಲವೆಲ್ಲ ಬೇರೊಂದು ವೈಚಿತ್ರ್ಯದಲ್ಲಿ ನೆಟ್ಟಿತ್ತು: ಪ್ರೊಸೆಸರಿಗೆ ಅತ್ಯಂತ ಸಮೀಪದ ಸ್ಲಾಟನ್ನೇ ಖಾಲಿ ಬಿಟ್ಟು ಎರಡನೆಯದನ್ನೂ ನಾಲ್ಕನೆಯದನ್ನೂ ತುಂಬಬೇಕೇಕೆ? ಮೊದಲನೆಯದು ಮತ್ತು ಮೂರನೆಯದರಲ್ಲಿಟ್ಟರೂ ಚಾನೆಲ್ಲುಗಳು ಎರಡಾಗುವುದಿಲ್ಲವೇ? ಆಗುತ್ತವೆ. ಆದರೆ ಈಗಿನ ಬಹುತೇಕ ಮದರ್‌ಬೋರ್ಡುಗಳಲ್ಲಿ ತಾಮ್ರದ ಗೆರೆಗಳು ಡೈಸಿ ಚೈನ್ ಕ್ರಮದಲ್ಲಿ, ಚಾನೆಲ್ಲಿನ ಮೊದಲ ಸ್ಲಾಟನ್ನು ಹಾದು ಎರಡನೆಯದರಲ್ಲಿ ಕೊನೆಗೊಳ್ಳುತ್ತವೆ. ಸ್ಟಿಕ್ ಮೊದಲನೆಯದರಲ್ಲಿದ್ದರೆ ಅದರಾಚೆಗೆ ಗೆರೆಯ ತುಂಡೊಂದು ಅನಾಥವಾಗಿ ಉಳಿಯುತ್ತದೆ. ಕುರುಡು ಓಣಿಯೊಳಗೆ ಹೊಕ್ಕ ಕೂಗು ಗೋಡೆಗೆ ಬಡಿದು ಹಿಂದಿರುಗುವಂತೆ, ಆ ತುಂಡಿಗೆ ಹರಿದ ವಿದ್ಯುತ್ಸಂಕೇತವು ತುದಿಯಿಂದ ಪ್ರತಿಫಲಿಸಿ ಮುಂದಿನ ಸಂಕೇತವನ್ನು ಕದಡುತ್ತದೆ. ವೇಗ ಹೆಚ್ಚಿದಷ್ಟೂ ಕದಡಿಕೆಯ ಕೇಡು ಹೆಚ್ಚು. ಕೊನೆಯ ಸ್ಲಾಟಿನಲ್ಲಿ ಸ್ಟಿಕ್ ಕುಳಿತರೆ ಗೆರೆ ಅಲ್ಲಿಗೇ ಮುಗಿಯುತ್ತದೆ. ಟಿ-ಟೋಪಾಲಜಿ ಎಂಬ ಮತ್ತೊಂದು ವಿನ್ಯಾಸದಲ್ಲಿ ಗೆರೆ ಕವಲೊಡೆದು ಎರಡು ಸ್ಲಾಟುಗಳಿಗೂ ಸಮದೂರವಾಗಿರುತ್ತದೆ. ಅದು ನಾಲ್ಕು ಸ್ಟಿಕ್ ತುಂಬಿದವರಿಗೆ ಅನುಕೂಲ, ಎರಡರಲ್ಲೇ ತೃಪ್ತರಾದವರಿಗೆ ಅಷ್ಟಕ್ಕಷ್ಟೆ.

ಖಾಲಿ ಸ್ಲಾಟಿನ ಈ ಕಾಟ ಹಳೆಯದು. 2000ದ ನವೆಂಬರಿನಲ್ಲಿ ಪೆಂಟಿಯಂ 4ರ ಜತೆಗೆ ಬಂದ ಇಂಟೆಲ್ 850 ಚಿಪ್‌ಸೆಟ್, ರ‍್ಯಾಂಬಸ್ ಮೆಮೊರಿಯನ್ನು ಜೋಡಿಯಾಗಿಯೇ ಬೇಡುತ್ತಿದ್ದುದಲ್ಲದೆ, ಉಳಿದ ಸ್ಲಾಟುಗಳಲ್ಲಿ ಒಂದು ಬಿಟ್ಟಿನಷ್ಟೂ ಮೆಮೊರಿಯಿಲ್ಲದ ಬೋಳು ಹಲಗೆಗಳನ್ನು ತುಂಬಿಸುತ್ತಿತ್ತು. ಸಂಕೇತದ ಹಾದಿ ತುಂಡಾಗದಿರಲೆಂದೇ ತಯಾರಾದ, ಸೇತುವೆಯಲ್ಲದೆ ಮತ್ತಾವ ಗುಣವೂ ಇಲ್ಲದ ಆ ಹಲಗೆಗಳ ಮೇಲೆ ನನಗೆ ವಿವರಿಸಲಾರದ ಮಮತೆಯುಂಟು. ಅದಕ್ಕೂ ಹಿಂದೆ, 486 ಯಂತ್ರಗಳಲ್ಲಿ 30 ಪಿನ್ನಿನ ಸಿಮ್ ಎಂಬ ಮೆಮೊರಿ ಹಲಗೆಗಳನ್ನು ನಾಲ್ಕು ನಾಲ್ಕಾಗಿ, 1993ರ ಪೆಂಟಿಯಂನಲ್ಲಿ 72 ಪಿನ್ನಿನವನ್ನು ಎರಡೆರಡಾಗಿ ತುಂಬಬೇಕಾಗಿತ್ತು. ಅಂದು ಜೋಡಿ ಇರದಿದ್ದರೆ ಯಂತ್ರವೇ ಏಳುತ್ತಿರಲಿಲ್ಲ. ಡಿಡಿಆರ್ ಮೆಮೊರಿಯ ಜೋಡಿ ಚಾನೆಲ್ಲನ್ನು ಎನ್‌ವಿಡಿಯಾದ ಎನ್‌ಫೋರ್ಸ್ 2001ರಲ್ಲಿ ತಂದಿತು. 2003ರ ಇಂಟೆಲ್ 865 ಮತ್ತು 875 ಚಿಪ್‌ಸೆಟ್‌ಗಳು ಎರಡು ಚಾನೆಲ್ಲುಗಳು ಸೆಕೆಂಡಿಗೆ ಸಾಗಿಸುವ 6.4 ಜಿಬಿಯನ್ನು ಪೆಂಟಿಯಂ 4ರ ಬಸ್ಸಿನ 6.4 ಜಿಬಿಗೆ ಸರಿಗಟ್ಟಿಸಿದವು. ಅದೇ ವರ್ಷ ಅಥ್ಲಾನ್ 64 ಒಂಟಿ ಚಾನೆಲ್ಲಿನ ಸಾಕೆಟ್ 754ರಲ್ಲಿ ಹೊರಬಂದು ಒಳ್ಳೆಯ ಹೆಸರನ್ನೇ ಗಳಿಸಿತೆಂಬುದನ್ನು ಜೋಡಿಯ ಮಹಿಮೆ ಹಾಡುವವರು ಮರೆಯಬಾರದು.

ಡಿಡಿಆರ್5ರಲ್ಲಿ ಪ್ರತಿಯೊಂದು ಸ್ಟಿಕ್ಕಿನೊಳಗೇ 32 ಬಿಟ್ಟಿನ ಎರಡು ಉಪಚಾನೆಲ್ಲುಗಳಿವೆ. ಇದನ್ನೇ ತೋರಿಸಿ, ಒಂದು ಸ್ಟಿಕ್ ಇದ್ದರೂ ಡ್ಯುಯಲ್ ಚಾನೆಲ್ ಆಯಿತೆಂದು ವಾದಿಸುವ ಮಾರಾಟಗಾರರನ್ನು ನಂಬಬೇಡಿ. ಎರಡೂ ಸೇರಿದ ಅಗಲ ಹಿಂದಿನಂತೆಯೇ 64 ಬಿಟ್. ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರ ಕೊಳ್ಳುವವರು 16 ಜಿಬಿಯ ಒಂದರ ಬದಲು 8ರ ಎರಡನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. ಸ್ಲಾಟಿನ ಬಣ್ಣವನ್ನು ನೆಚ್ಚಬೇಡಿ, ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಮೆಮೊರಿಯ ಪುಟವನ್ನು ತೆರೆದು, ಅಲ್ಲಿ ಹೇಳಿದ ಸ್ಲಾಟುಗಳಲ್ಲೇ ಕೂರಿಸಲು ಅಂಗಡಿಯವರಿಗೆ ಹೇಳಿ.