ಬಣ್ಣವನ್ನು ತಾನೇ ಹುಟ್ಟಿಸುವ ಸ್ನಾಯು

ಗಂಗೊಳ್ಳಿ ಬಂದರಿನಲ್ಲಿ ಇಳಿದು ವಾರಾಹಿ ದಂಡೆಯ ಹಟ್ಟಿಯಂಗಡಿಯಂಥ ಊರುಗಳ ಅಡುಗೆಮನೆ ಸೇರುವ ಬಂಗುಡೆಯನ್ನು ಅಡ್ಡಲಾಗಿ ಕೊಯ್ದರೆ, ತಿಳಿಬಣ್ಣದ ಮಾಂಸದ ಎರಡೂ ಪಕ್ಕಗಳಲ್ಲಿ ಚರ್ಮದ ಒಳಮಗ್ಗುಲಿಗೆ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಅದನ್ನು ಹೆಪ್ಪುಗಟ್ಟಿದ ರಕ್ತವೆಂದು ಭಾವಿಸುವುದು ತಪ್ಪು; ಮೀನು ದಣಿಯದೆ ನಿರಂತರವಾಗಿ ಈಜುವುದು ಆ ಪಟ್ಟಿಯ ಸ್ನಾಯುವಿನ ಬಲದಿಂದ, ಬೆದರಿದಾಗ ಒಮ್ಮೆಲೇ ಚಿಮ್ಮುವುದು ಉಳಿದ ಬಿಳಿ ಸ್ನಾಯುವಿನ ಬಲದಿಂದ. ಕೆಂಪಿಗೆ ಕಾರಣ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು. ಆದರೆ ಆ ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವ ಕಿಣ್ವಗಳು, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳು, ಬರಿಗಣ್ಣಿಗಾಗಲೀ ಸಾಧಾರಣ ಸೂಕ್ಷ್ಮದರ್ಶಕಕ್ಕಾಗಲೀ ಕಾಣುವುದಿಲ್ಲ.

ಅವುಗಳನ್ನು ಕಾಣಿಸುವ ವಿದ್ಯೆಯೇ ಕಿಣ್ವ ಅಂಗಾಂಶರಸಾಯನ. ಬಟ್ಟೆಗೆ ಬಣ್ಣ ಹಾಕುವಂತೆ ಇಲ್ಲಿಯೂ ಹೊರಗಿನಿಂದ ಬಣ್ಣ ಹಚ್ಚಲಾಗುತ್ತದೆ ಎಂಬ ಗ್ರಹಿಕೆ ವ್ಯಾಪಕವಾಗಿದೆಯಾದರೂ, ಈ ವಿಧಾನದ ಸೊಗಸು ಇರುವುದೇ ಅದಕ್ಕೆ ವಿರುದ್ಧವಾದ ಕ್ರಮದಲ್ಲಿ. ಅಂಗಾಂಶದ ತೆಳುಪದರಕ್ಕೆ ಸಕ್ಸಿನೇಟ್ ಎಂಬ ಲವಣವನ್ನೂ ಟೆಟ್ರಜೋಲಿಯಂ ಎಂಬ, ನೀರಿನಲ್ಲಿ ಕರಗಿದ ಪೇಲವ ವಸ್ತುವನ್ನೂ ಕೊಟ್ಟಾಗ, ಸಕ್ಸಿನೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವವು ಸಕ್ಸಿನೇಟಿನಿಂದ ಇಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಆ ಇಲೆಕ್ಟ್ರಾನುಗಳನ್ನು ಪಡೆದ ಟೆಟ್ರಜೋಲಿಯಂ ನೀರಿನಲ್ಲಿ ಕರಗದ ನೀಲಿ ಫಾರ್ಮಜಾನ್ ಆಗಿ, ಹುಟ್ಟಿದಲ್ಲಿಯೇ ನಿಂತುಬಿಡುತ್ತದೆ. ಕಿಣ್ವ ದುಡಿದಲ್ಲಿ ನೀಲಿ, ದುಡಿಯದಲ್ಲಿ ಬರಿದು. ಇದೇ ತತ್ತ್ವದ ಮೇಲೆ 1939ರಲ್ಲಿ ಗೊಮೊರಿ ಮತ್ತು ತಕಮಾತ್ಸು ಎಂಬ ವಿಜ್ಞಾನಿಗಳು ಪರಸ್ಪರ ಸಂಬಂಧವಿಲ್ಲದೆಯೇ ಕ್ಷಾರೀಯ ಫಾಸ್ಫಟೇಸ್ ಕಿಣ್ವದ ಜಾಗವನ್ನು ಗುರುತಿಸಿದ್ದರು.

ಮೀನಿನಲ್ಲಿ ಬೇರೆಬೇರೆ ಪದರಗಳಾಗಿರುವ ಎರಡು ಬಗೆಯ ತಂತುಗಳು ಮನುಷ್ಯನ ಸ್ನಾಯುವಿನಲ್ಲಿ ಪರಸ್ಪರ ಬೆರೆತಿರುವುದರಿಂದ, ಅದೇ ನೀಲಿ ಪರೀಕ್ಷೆಯಲ್ಲಿ ಗಾಢ ಮತ್ತು ತಿಳಿ ತಂತುಗಳ ಚದುರಂಗದ ಹಾಸು ಮೂಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳ ಪತ್ತೆಗೆ ಇಂಥ ಪರೀಕ್ಷೆಗಳು ನಡೆಯುತ್ತವೆ. ಅವುಗಳಲ್ಲಿ ಅತ್ಯಂತ ವಿಸ್ಮಯಕರವಾದದ್ದು ಜೋಡಿ ವರ್ಣಪರೀಕ್ಷೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ 37 ಜೀನುಗಳ ತನ್ನದೇ ಆದ ಡಿಎನ್‌ಎ ಇದೆ. ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ ಮೂರು ಮುಖ್ಯ ಘಟಕಗಳ ಸೂಚನೆ ಇರುವುದು ಅದರಲ್ಲಿ. ಆದರೆ ಸಕ್ಸಿನೇಟ್ ಡಿಹೈಡ್ರೋಜನೇಸಿನ ನಾಲ್ಕೂ ಘಟಕಗಳ ಸೂಚನೆ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಮೊದಲು ಆಕ್ಸಿಡೇಸಿನಿಂದ ಕಂದು ಬಣ್ಣವನ್ನೂ ಅನಂತರ ಡಿಹೈಡ್ರೋಜನೇಸಿನಿಂದ ನೀಲಿಯನ್ನೂ ಮೂಡಿಸಿದಾಗ, ಆರೋಗ್ಯವಂತ ತಂತುವಿನಲ್ಲಿ ಕಂದು ನೀಲಿಯನ್ನು ಮುಚ್ಚಿಬಿಡುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ಕೆಟ್ಟ ತಂತುವಿನಲ್ಲಿ ಕಂದು ಮೂಡದೆ ನೀಲಿ ಮಾತ್ರ ಹೊಳೆಯುತ್ತದೆ. ಕೆಟ್ಟಿರುವುದು ಯಾವ ಡಿಎನ್‌ಎ ಎಂಬುದರ ಸುಳಿವನ್ನು, ಡಿಎನ್‌ಎಯನ್ನು ಮುಟ್ಟದೆಯೇ, ಎರಡು ಬಣ್ಣಗಳು ಕೊಡುತ್ತವೆ ಎಂಬುದು ಎಷ್ಟು ಸಲ ಯೋಚಿಸಿದರೂ ಹಳತಾಗದ ಸಂಗತಿ. ವಯಸ್ಸಾದವರ ಸ್ನಾಯುವಿನಲ್ಲಿ ಇಂಥ ಬಿಡಿ ತಂತುಗಳು ಕೆಲವು ಸಹಜವಾಗಿಯೇ ಕಾಣುವುದರಿಂದ, ಎಣಿಕೆಯನ್ನು ರೋಗಿಯ ವಯಸ್ಸಿಗೆ ಹೊಂದಿಸಿಯೇ ಅರ್ಥೈಸಬೇಕಾಗುತ್ತದೆ.

ಮೈಟೊಕಾಂಡ್ರಿಯದ ಡಿಎನ್‌ಎ ಕೆಟ್ಟು ಬರುವ ರೋಗಗಳಲ್ಲಿ ಕೆಲವು ಕಣ್ಣರೆಪ್ಪೆ ಜೋತುಬೀಳುವುದರಿಂದ, ಗುಡ್ಡೆಯ ಚಲನೆ ಕುಂಠಿತವಾಗುವುದರಿಂದ ಆರಂಭವಾಗುತ್ತವೆ. ಅದನ್ನು ದೃಷ್ಟಿ ತಾಗಿದ ಲಕ್ಷಣವೆಂದು ನಿವಾಳಿಸುತ್ತ, ನಾಗದೋಷವೆಂದು ಪರಿಹಾರಕ್ಕೆ ಅಲೆಯುತ್ತ ವರ್ಷಗಳನ್ನು ಕಳೆಯುವುದು ರೋಗಿಗೆ ಮಾಡುವ ಅನ್ಯಾಯ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಬರುತ್ತದೆ ಎಂಬ ಅರೆತಿಳಿವಳಿಕೆಯಿಂದ ತಾಯಿಯನ್ನು ದೂಷಿಸುವುದು ಅದಕ್ಕಿಂತ ಕ್ರೂರವಾದ ಮೌಢ್ಯ. ರೆಪ್ಪೆ ಜೋತುಬೀಳುವ ಪ್ರಕರಣಗಳಲ್ಲಿ ಹಲವು, ತಾಯಿಯಲ್ಲಿಲ್ಲದ ಲೋಪ ಹೊಸದಾಗಿ ಉಂಟಾಗಿ ಬಂದವು.

ಈ ವರ್ಣಪರೀಕ್ಷೆಗೆ ಕಿಣ್ವ ಕ್ರಿಯಾಶೀಲವಾಗಿಯೇ ಉಳಿದಿರಬೇಕಾದುದರಿಂದ, ಸಾಮಾನ್ಯ ಬಯಾಪ್ಸಿಗಳಂತೆ ಸ್ನಾಯುವಿನ ತುಣುಕನ್ನು ಫಾರ್ಮಲಿನ್‌ನಲ್ಲಿ ಅದ್ದಿಟ್ಟರೆ ಎಲ್ಲವೂ ವ್ಯರ್ಥ. ದ್ರವ ಸಾರಜನಕದಿಂದ ತಣಿಸಿದ ಐಸೊಪೆಂಟೇನಿನಲ್ಲಿ ತುಣುಕನ್ನು ಕ್ಷಣದಲ್ಲಿ ಗಟ್ಟಿಯಾಗಿಸಿ, ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ದಪ್ಪದ ಪದರಗಳಾಗಿ ಕತ್ತರಿಸಲಾಗುತ್ತದೆ. ಜೊತೆಗೆ, ಸಕ್ಸಿನೇಟ್ ಕೊಡದ ಪದರವೊಂದನ್ನೂ ಆರೋಗ್ಯವಂತ ಸ್ನಾಯುವಿನ ಪದರವೊಂದನ್ನೂ ಪರೀಕ್ಷಿಸಲಾಗುತ್ತದೆ. ಮೊದಲನೆಯದು ನೀಲಿಯಾದರೆ ಬಣ್ಣ ಹುಸಿ, ಎರಡನೆಯದು ಬರಿದಾದರೆ ದೋಷವಿರುವುದು ದ್ರಾವಣದಲ್ಲಿ, ರೋಗಿಯಲ್ಲಲ್ಲ. ಕಿಣ್ವ ಕ್ರಿಯಾಶೀಲವಾಗಿ ಉಳಿಯಬೇಕಾದುದರಿಂದಲೇ, ಕರಾವಳಿಯ ಆಸ್ಪತ್ರೆಯೊಂದರಲ್ಲಿ ತೆಗೆದ ತುಣುಕು ಬೆಂಗಳೂರಿಗೆ ಹೋಗಬೇಕಾದರೆ, ಅದು ತಣ್ಣಗೆ ತಲುಪುವ ವ್ಯವಸ್ಥೆ ಶಸ್ತ್ರಚಿಕಿತ್ಸೆಗೂ ಮುನ್ನವೇ ಆಗಿರಬೇಕು.