ಹೊಸ್ತಿಲೊಳಗಿನ ಸೋಂಕು

ಪ್ಲೇಗಿನ ಕಾಲದ ಮಾತು ಬೆಳಗಾವಿ ಸೀಮೆಯ ಹಳೆಯ ಮನೆತನಗಳಲ್ಲಿ ಇನ್ನೂ ಪೂರ್ತಿ ಮರೆತುಹೋಗಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿ ದಕ್ಷಿಣದತ್ತ ಇಳಿದು ಬಂದಾಗ ಜನ ಭಯದಿಂದ ನೋಡುತ್ತಿದ್ದುದು ಮನೆಯ ಅಟ್ಟವನ್ನು. ಅಲ್ಲಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು. ಪಾತ್ರೆ ಪದಾರ್ಥ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲದ ಗುಡಿಸಲಿಗೆ ನಡೆಯುತ್ತಿದ್ದರು. ಇಲಿ ಬಿದ್ದದ್ದು ಅಣ್ಣನ ಕೋಣೆಯಲ್ಲಿ, ತಮ್ಮನಿಗೇನು ಚಿಂತೆ ಎಂದು ಯಾರೂ ಅನ್ನುತ್ತಿರಲಿಲ್ಲ. ಒಂದೇ ಸೂರಿನ ಕೆಳಗಿನವರ ಕ್ಷೇಮ ಒಂದೇ ಎಂಬುದು ಅವರು ಕಷ್ಟಪಟ್ಟು ಕಲಿತ ಪಾಠ.

ಅದೇ ಪಾಠ ಇಂದು ಮತ್ತೊಂದು ಬಗೆಯ ಸೋಂಕಿನ ಮುಂದೆ ನೆನಪಾಗಬೇಕಾಗಿದೆ.

ನಿಪ್ಪಾಣಿಯ ತಂಬಾಕಿನ ಲೆಕ್ಕ, ರಾಯಬಾಗದ ಕಬ್ಬಿನ ಪಾವತಿ, ಅಥಣಿಯ ಚರ್ಮದ ಚಪ್ಪಲಿಗಳಿಗೆ ದೂರದೂರಿನಿಂದ ಬರುವ ಬೇಡಿಕೆ, ಕಾಗವಾಡದಿಂದ ಮೀರಜ್ ಸಾಂಗಲಿಗಳೊಡನೆ ನಡೆಯುವ ವ್ಯವಹಾರ, ಚಿಕ್ಕೋಡಿಯ ವಿದ್ಯಾರ್ಥಿಯ ಪಾಠ—ಇವೆಲ್ಲ ಕೆಂಪು ವಸ್ತ್ರದ ಚೋಪಡಿಯಿಂದ ಕಂಪ್ಯೂಟರಿನೊಳಕ್ಕೆ ಸರಿಯುತ್ತಿವೆ. ಇಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಪಡಸಾಲೆಯಲ್ಲಿ ತಂದೆಯ ಲೆಕ್ಕಪತ್ರದ ಹಳೆಯ ಕಂಪ್ಯೂಟರು, ಬೆಳಗಾವಿಯ ಕಾಲೇಜಿನಿಂದ ರಜೆಗೆ ಬಂದ ಮಗಳ ಲ್ಯಾಪ್‌ಟಾಪು, ಬಾಗಿಲ ಮೇಲೊಂದು ಕಾವಲು ಕ್ಯಾಮೆರಾ, ಕೈಗೊಂದು ಮೊಬೈಲು. ಗೋಡೆಗೆ ತೂಗುಹಾಕಿದ ರೌಟರೆಂಬ ಚಿಕ್ಕ ಪೆಟ್ಟಿಗೆ ಇವೆಲ್ಲವನ್ನೂ ಒಂದು ಬಳಗವಾಗಿ ಹೆಣೆದು ಹೊರಜಗತ್ತಿಗೆ ದಾರಿ ಬಿಡುತ್ತದೆ. ಊರಿಗೆ ಅಗಸಿ ಹೇಗೋ ಈ ಬಳಗಕ್ಕೆ ಆ ಪೆಟ್ಟಿಗೆ ಹಾಗೆ.

ಗಾಳಿಯಲ್ಲಿ ಬರುವುದಿಲ್ಲ

ಮಾಲ್‌ವೇರ್ ಎನಿಸಿಕೊಂಡ ಕುತಂತ್ರಾಂಶ ಒಂದು ಯಂತ್ರಕ್ಕೆ ತಗುಲಿದರೆ, ಅದೇ ವೈಫೈ ಬಳಸುವ ಉಳಿದ ಯಂತ್ರಗಳೂ ತಾವಾಗಿಯೇ ಕೆಡುತ್ತವೆಂಬ ಭೀತಿ ಹಲವರಲ್ಲಿದೆ. ಹಾಗೇನೂ ಆಗದೆಂಬ ನಿಶ್ಚಿಂತೆ ಇನ್ನು ಕೆಲವರದು. ಎರಡೂ ಸರಿಯಲ್ಲ. ಒಂದೇ ಜಾಲದಲ್ಲಿದ್ದ ಮಾತ್ರಕ್ಕೆ ಸೋಂಕು ಹರಡದು. ಅದಕ್ಕೊಂದು ತೆರೆದ ಬಾಗಿಲು ಬೇಕು. ಆದರೆ ಮನೆಯ ಯಂತ್ರಗಳು ಒಂದನ್ನೊಂದು ಮನೆಯವರೆಂದೇ ನಂಬಿ ನಡೆಯುವುದರಿಂದ ಒಳಬಾಗಿಲುಗಳು ತೆರೆದಿರುವುದೇ ಹೆಚ್ಚು. ಅಪರಿಚಿತನಿಗೆ ಅಗಸಿಯಲ್ಲೇ ತಡೆ. ಒಳಗೆ ಬಂದವನಿಗೆ ಅಡಿಗೆಮನೆಯವರೆಗೂ ಸಲಿಗೆ.

ಆ ಬಾಗಿಲುಗಳು ಯಾವುವು? 2008ರ ನವೆಂಬರಿನಲ್ಲಿ ತಲೆಯೆತ್ತಿ ಲೋಕದಾದ್ಯಂತ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕ ‘ಕಾನ್‌ಫಿಕರ್’ ಎಂಬ ಹುಳು ಮೂರನ್ನು ತೋರಿಸಿಕೊಟ್ಟಿತು. ಮೊದಲನೆಯದು, ವಿಂಡೋಸಿನಲ್ಲಿ ಉಳಿದಿದ್ದ ಒಂದು ಬಿರುಕು. ಅದನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಹಿಂದಿನ ತಿಂಗಳಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎರಡನೆಯದು, ಕಡತಗಳ ಹಂಚಿಕೆ. ಹುಳು ಪಕ್ಕದ ಯಂತ್ರದ ಬಾಗಿಲು ತಟ್ಟಿ, ಜನ ಸಾಮಾನ್ಯವಾಗಿ ಇಡುವ ಸುಲಭ ಗುಪ್ತಪದಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಮೂರನೆಯದು, ಪೆನ್‌ಡ್ರೈವು. ಅದನ್ನು ಚುಚ್ಚಿದೊಡನೆ ಒಳಗಿನ ತಂತ್ರಾಂಶ ತಾನಾಗಿ ಓಡುವ ಅಂದಿನ ಏರ್ಪಾಟೇ ಹುಳುವಿಗೆ ವಾಹನವಾಯಿತು. ಆ ಏರ್ಪಾಟನ್ನು ಮುಂದೆ ನಿಲ್ಲಿಸಲಾಯಿತು. ಆದರೆ ಪೆನ್‌ಡ್ರೈವಿನ ಕಡತವನ್ನು ವಿಚಾರಿಸದೆ ತೆರೆಯುವ ಅಭ್ಯಾಸ ನಿಂತಿಲ್ಲ.

ಮನೆಯವಳ ಚೀಲದಲ್ಲಿ

2017ರ ಮೇ 12, ಶುಕ್ರವಾರ. ‘ವಾನಾಕ್ರೈ’ ಎಂಬ ಹುಳು ಆ ದಿನ ಹೊರಟು, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿಯಿತು. ಬೀಗ ತೆಗೆಯಲು ಅದು ಕೇಳಿದ ಮೊದಲ ಬೆಲೆ 300 ಡಾಲರು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸರ ಕಂಪ್ಯೂಟರುಗಳಿಗೂ ಅದು ತಗುಲಿತು. ಒಂದು ಯಂತ್ರ ಹೊಕ್ಕ ಮೇಲೆ ಅದು ಯಾರ ಕೈತಪ್ಪಿಗೂ ಕಾಯುತ್ತಿರಲಿಲ್ಲ. ಕಡತ ಹಂಚಿಕೆಗೆಂದು ವಿಂಡೋಸಿನಲ್ಲಿರುವ ಮಾರ್ಗದ ದೋಷವೊಂದನ್ನು ಹಿಡಿದು ಅದೇ ಜಾಲದ ನೆರೆಯ ಯಂತ್ರಗಳನ್ನು ತಾನಾಗಿ ಹುಡುಕಿ ಸೇರುತ್ತಿತ್ತು. ಈ ದೋಷಕ್ಕೂ ತೇಪೆ ಮಾರ್ಚ್ 14ರಂದೇ ಸಿದ್ಧವಾಗಿತ್ತು. ತುತ್ತಾದವುಗಳಲ್ಲಿ ಬಹುಪಾಲು ಆ ತೇಪೆ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು.

ಮನೆಯ ರೌಟರು ಇಂಥ ಹುಳುವನ್ನು ಸಾಮಾನ್ಯವಾಗಿ ಹೊರಗೇ ತಡೆಯುತ್ತದೆ. ಹಾಗಾದರೆ ಅದು ಒಳಕ್ಕೆ ಬರುವುದೆಂತು? ಊಹೆಯ ಮನೆಗೆ ಮರಳಿದರೆ ಉತ್ತರ ಸಿಗುತ್ತದೆ. ಮಗಳ ಲ್ಯಾಪ್‌ಟಾಪಿಗೆ ವಸತಿಗೃಹದ ಜಾಲದಲ್ಲಿ ಸೋಂಕು ತಗುಲಿದ್ದರೆ, ಅವಳ ಚೀಲದಲ್ಲಿ ಅದು ಹೊಸ್ತಿಲು ದಾಟುತ್ತದೆ. ಅಗಸಿಯ ಕಾವಲುಗಾರ ಮನೆಮಗಳನ್ನು ತಡೆಯುವನೇ? ಅವಳು ವೈಫೈ ಸೇರಿದ ಕೆಲವೇ ನಿಮಿಷಗಳಲ್ಲಿ ಹುಳು ಪಡಸಾಲೆಯ ಹಳೆಯ ಯಂತ್ರವನ್ನು ತಲುಪಬಲ್ಲುದು. ಬೆಳಗಾಗುವಷ್ಟರಲ್ಲಿ ಹತ್ತು ವರ್ಷಗಳ ಉದ್ರಿ ಲೆಕ್ಕ, ತೀರಿಕೊಂಡ ಅಜ್ಜಿಯ ಭಾವಚಿತ್ರ, ಜಮೀನಿನ ಕಾಗದಗಳ ಪ್ರತಿ ಎಲ್ಲವೂ ಕಣ್ಣೆದುರಿದ್ದೂ ಓದಲಾಗದಂತೆ ಆಗಿಬಿಡಬಹುದು. ತಪ್ಪು ಮಗಳದೊಬ್ಬಳದೇ ಅಲ್ಲ; ಪಡಸಾಲೆಯ ಯಂತ್ರಕ್ಕೆ ತೇಪೆ ಹಾಕದೆ ಬಿಟ್ಟವರದೂ ಹೌದು.

ವಿಂಡೋಸಿಗಾಗಿ ಬರೆದ ಹುಳು ಮೊಬೈಲಿನಲ್ಲಿ ಬದುಕಲಾರದು. ದನದ ರೋಗವೆಲ್ಲ ಮನುಷ್ಯನಿಗೆ ಹತ್ತುವುದಿಲ್ಲವಷ್ಟೆ. ಆದರೆ ಮೊಬೈಲಿಗೆ ತನ್ನವೇ ಆದ ಅಪಾಯಗಳಿವೆ. ಅಪರಿಚಿತರು ಕಳಿಸಿದ ಆ್ಯಪ್ ಕಡತವನ್ನು ಸ್ಥಾಪಿಸಿಕೊಳ್ಳುವುದು ಅವುಗಳಲ್ಲಿ ಮುಖ್ಯವಾದುದು.

ಅಗಸಿಯೇ ಕೈಬಿಟ್ಟಾಗ

ಕೆಲವೊಮ್ಮೆ ಶತ್ರು ಹಿಡಿಯುವುದು ಅಗಸಿಯನ್ನೇ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲೇ ಇಟ್ಟುಕೊಟ್ಟ ಅರುವತ್ತರಷ್ಟು ಹೆಸರು-ಗುಪ್ತಪದಗಳ ಪಟ್ಟಿಯೊಂದನ್ನು ಹಿಡಿದು ಲೋಕದ ಕ್ಯಾಮೆರಾ, ರೌಟರುಗಳ ಬಾಗಿಲು ತಟ್ಟುತ್ತ ಹೋಯಿತು. ಬದಲಾಯಿಸದವರೆಷ್ಟು ಮಂದಿ! ಹೀಗೆ ವಶವಾದ ಸಾಧನಗಳ ಸೇನೆ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಹೆಸರಾಂತ ಜಾಲತಾಣಗಳನ್ನು ಗಂಟೆಗಟ್ಟಲೆ ತಲುಪಲಾಗದಂತೆ ಮಾಡಿತು.

ಇದು ದೂರದ ಕಥೆಯೆಂದು ಕನ್ನಡ ನಾಡು ಸುಮ್ಮನಿರಲು ವರ್ಷ ತುಂಬ ಉಳಿಯಲಿಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯ ಕರ್ನಾಟಕ ವಲಯದಲ್ಲಿ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿ ಸಂಪರ್ಕ ಕಳೆದುಕೊಂಡವು. ತುತ್ತಾದವು ‘ಅಡ್ಮಿನ್’ ಎಂಬ ಮೂಲ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಅದನ್ನು ಕೂಡಲೇ ಬದಲಾಯಿಸುವಂತೆ ಸಂಸ್ಥೆ ತನ್ನ ಗ್ರಾಹಕರನ್ನು ಕೇಳಿಕೊಂಡಿತು. ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಮಲಗಿದಂತಾಗಿತ್ತು.

ಇಲಿ ಬಿದ್ದಾಗ

ಹಿರಿಯರ ಕ್ರಮವೇ ಇಲ್ಲಿಯೂ ಕ್ರಮ: ಮೊದಲು ಬೇರ್ಪಡಿಸುವುದು, ಆಮೇಲೆ ಚಿಕಿತ್ಸೆ. ಒಂದು ಯಂತ್ರದ ಮೇಲೆ ಶಂಕೆ ಮೂಡಿದೊಡನೆ ಅದರ ವೈಫೈ ನಿಲ್ಲಿಸಬೇಕು, ತಂತಿಯಿದ್ದರೆ ಕಳಚಬೇಕು. ಅದರ ಪೆನ್‌ಡ್ರೈವನ್ನು ಮತ್ತೊಂದಕ್ಕೆ ಚುಚ್ಚಬಾರದು. ಗುಪ್ತಪದಗಳನ್ನು ಶುದ್ಧವಾದ ಬೇರೊಂದು ಯಂತ್ರದಿಂದಲೇ ಬದಲಾಯಿಸಬೇಕು. ಭಾರತ ಸರ್ಕಾರ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಇಲಿ ಬೀಳುವ ಮೊದಲೇ ಮಾಡಬೇಕಾದವೂ ಕೆಲವಿವೆ. ರೌಟರಿನ ಮೂಲ ಗುಪ್ತಪದವನ್ನು ಬದಲಾಯಿಸುವುದು. ಬೇಡದ ಕಡತ ಹಂಚಿಕೆಯನ್ನು ಮುಚ್ಚುವುದು. ತೇಪೆಗಳನ್ನು ಬಂದಂತೆ ಹಾಕಿಕೊಳ್ಳುವುದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಯಂತ್ರವನ್ನು ಜಾಲದಿಂದ ದೂರವಿಡುವುದೇ ಮೇಲು. ಹಲವು ರೌಟರುಗಳಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ಜಾಲವನ್ನು ತೆರೆಯುವ ಅನುಕೂಲವಿದೆ. ಕ್ಯಾಮೆರಾಗಳಿಗೂ ಬಂದವರ ಯಂತ್ರಗಳಿಗೂ ಅದೇ ತಕ್ಕ ಸ್ಥಳ. ನೆಂಟರಿಗೆ ಪಡಸಾಲೆಯಲ್ಲಿ ಚಾಪೆ ಹಾಸಿದರೆ ಸಾಕು, ತಿಜೋರಿಯ ಕೋಣೆ ತೋರಿಸಬೇಕಾಗಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಲೆಕ್ಕಪತ್ರಗಳ ಒಂದು ಪ್ರತಿ ಯಾವ ಯಂತ್ರಕ್ಕೂ ಅಂಟಿಕೊಂಡಿರದೆ ಬೇರೆಯಾಗಿರಬೇಕು. ಬಿತ್ತನೆಯ ಬೀಜವನ್ನು ಉಣ್ಣುವ ಕಾಳಿನೊಡನೆ ಕೂಡಿಡುವ ರೈತನಿಲ್ಲ.

ಕೂಡಿ ಬಾಳುವ ಮನೆಯಲ್ಲಿ ಹೊಸ ಲ್ಯಾಪ್‌ಟಾಪಿನ ಮೇಲೆ ಎಲ್ಲರ ಕಣ್ಣು. ಮೂಲೆಯ ಹಳೆಯ ಪೆಟ್ಟಿಗೆಯನ್ನು ಕೇಳುವವರಿಲ್ಲ. ಆದರೆ ಮನೆಯ ಭದ್ರತೆಯನ್ನು ನಿರ್ಣಯಿಸುವುದು, ಯಾರೂ ಕೇಳದ ಆ ಯಂತ್ರವೇ.