ವಿಮಾನಕ್ಕೆ ಇಬ್ಬರು ಚಾಲಕರೇಕೆ?

ಗಂಗಾವತಿಯ ಅಕ್ಕಿ ಗಿರಣಿಗಳ ಅಂಗಳದಲ್ಲಿ ಭತ್ತ ತುಂಬಿದ ಲಾರಿ ಹಿಂದಕ್ಕೆ ಸರಿಯುವುದನ್ನು ನಮ್ಮ ಸೀಮೆಯ ವಾಚಕರು ಕಂಡಿರಲೇಬೇಕು. ಡ್ರೈವರನು ಸ್ಟೇರಿಂಗು ಹಿಡಿದು ಕುಳಿತಿರುತ್ತಾನೆ. ಕ್ಲೀನರನು ಹಿಂದೆ ನಿಂತು ಲಾರಿಯ ಮೈಯನ್ನು ತಟ್ಟುತ್ತ 'ಬರ್ಲಿ, ಬರ್ಲಿ' ಎನ್ನುತ್ತಿರುತ್ತಾನೆ. ಗೋಡೆ ಸಮೀಪಿಸಿದೊಡನೆ ಅವನು ಕೂಗುತ್ತಾನೆ. ವಯಸ್ಸಿನಲ್ಲಿಯೂ ಸಂಬಳದಲ್ಲಿಯೂ ಕಿರಿಯನಾದ ಆ ಹುಡುಗನ ಒಂದು ಕೂಗಿಗೆ ಡ್ರೈವರನು ಮರುಮಾತಿಲ್ಲದೆ ಬ್ರೇಕು ಒತ್ತುತ್ತಾನೆ. ಗೋಡೆ ಕಾಣುವುದು ಹುಡುಗನಿಗೇ ಹೊರತು ತನಗಲ್ಲವೆಂದು ಅವನು ಬಲ್ಲ. ವಿಮಾನದ ವಿಷಯ ಬರೆಯಹೊರಟವನಿಗೆ ಲಾರಿಯ ಮಾತೇಕೆಂಬುದು ಮುಂದೆ ತಿಳಿಯುವುದು.

ಕೊಪ್ಪಳ, ಕುಷ್ಟಗಿಗಳ ಕಡೆಯ ಜನ ವಿಮಾನವೇರಬೇಕಾದರೆ ಹುಬ್ಬಳ್ಳಿಗೋ ತೋರಣಗಲ್ಲಿನ ಬಳಿಯ ವಿದ್ಯಾನಗರಕ್ಕೋ ಹೋಗುವುದುಂಟು. 2017ರಲ್ಲಿ ಉಡಾನ್ ಯೋಜನೆಯಡಿ ವಿದ್ಯಾನಗರಕ್ಕೆ ಬರತೊಡಗಿದುದು ಎ.ಟಿ.ಆರ್. ಎಂಬ, ಸುಮಾರು 70 ಆಸನಗಳ ಚಿಕ್ಕ ವಿಮಾನ. ಹೆಚ್ಚುಕಡಮೆ ಅಷ್ಟೇ ಜನರನ್ನು ತುಂಬಿಕೊಂಡು ನಮ್ಮ ಸಾರಿಗೆ ಬಸ್ಸು ಒಬ್ಬನೇ ಡ್ರೈವರನ ಕೈಯಲ್ಲಿ ಊರು ಸೇರುತ್ತದೆ. ವಿಮಾನಕ್ಕೇಕೆ ಇಬ್ಬರು?

ಒಬ್ಬನಿಗೆ ಕಾಯಿಲೆಯಾದರೆ ಇನ್ನೊಬ್ಬನು ಇರಲೆಂದು, ಎನ್ನುವುದು ಸಾಮಾನ್ಯ ಉತ್ತರ. ಅದು ಸುಳ್ಳಲ್ಲ. ಊಟ ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಮಲಗಬಾರದೆಂದು ಇಬ್ಬರಿಗೂ ಬೇರೆ ಬೇರೆ ಊಟ ಕೊಡುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಆದರೆ ಉತ್ತರ ಅಲ್ಲಿಗೆ ಮುಗಿಯುವುದಾಗಿದ್ದರೆ ಎರಡನೆಯವನು ಬಸ್ಸಿನ ಸ್ಟೆಪ್ನಿ ಚಕ್ರದಂತೆ ಸುಮ್ಮನಿದ್ದರೆ ಸಾಕಾಗಿತ್ತು. ಅವನು ಸುಮ್ಮನಿರುವುದಿಲ್ಲ.

ಎಡಗಡೆಯ ಆಸನ ಕ್ಯಾಪ್ಟನ್ನನದು, ಬಲಗಡೆಯದು ಸಹಚಾಲಕನದು. ಹೊಣೆ ಎಂದೆಂದಿಗೂ ಕ್ಯಾಪ್ಟನ್ನನದೇ. ಆದರೆ ವಿಮಾನವನ್ನು ಹಾರಿಸುವ ಕೆಲಸ ಸರದಿಯಂತೆ ನಡೆಯುತ್ತದೆ: ಹೋಗುವಾಗ ಒಬ್ಬನು ಹಾರಿಸಿದರೆ ಬರುವಾಗ ಇನ್ನೊಬ್ಬನು. ಹಾರಿಸದೆ ಇರುವವನು ರೇಡಿಯೋದಲ್ಲಿ ಮಾತನಾಡುತ್ತಾನೆ, ಚಕ್ರವನ್ನೂ ರೆಕ್ಕೆಯ ಫ್ಲಾಪುಗಳನ್ನೂ ಹೇಳಿದಂತೆ ಇಳಿಸುತ್ತಾನೆ, ತಪಶೀಲುಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾನೆ. ಈ ಪಟ್ಟಿಗೊಂದು ಕಥೆಯುಂಟು. 1935ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಪರೀಕ್ಷೆಯಲ್ಲಿ ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದಿತು. ಯಂತ್ರದಲ್ಲಿ ದೋಷವಿರಲಿಲ್ಲ, ನಿಂತ ವಿಮಾನ ಗಾಳಿಗೆ ಅಲುಗದಂತೆ ಹಾಕಿದ ಬೀಗವನ್ನು ತೆಗೆಯಲು ನುರಿತ ಚಾಲಕರೇ ಮರೆತಿದ್ದರು. ಪಟ್ಟಿ ಹುಟ್ಟಿದುದು ಆ ಮರೆವಿನಿಂದ.

ಹೀಗೆ ಎರಡನೆಯವನ ಮುಖ್ಯ ಕೆಲಸ ಮೊದಲನೆಯವನನ್ನು ಕಾಯುವುದು. ಇದರ ಹಿಂದಿರುವ ಲೆಕ್ಕ ಸುಲಭವಾದುದು. ಒಬ್ಬ ಮನುಷ್ಯನು ನೂರು ಬಾರಿಗೆ ಒಮ್ಮೆ ತಪ್ಪುತ್ತಾನೆಂದೂ, ಇನ್ನೊಬ್ಬನು ಅಂತಹ ನೂರು ತಪ್ಪುಗಳಲ್ಲಿ ಒಂದನ್ನು ಮಾತ್ರ ಗಮನಿಸದೆ ಬಿಡುತ್ತಾನೆಂದೂ ಇಟ್ಟುಕೊಳ್ಳೋಣ. ಇಬ್ಬರ ಕಣ್ಣನ್ನೂ ತಪ್ಪಿಸಿಕೊಳ್ಳುವ ತಪ್ಪು ಹತ್ತು ಸಾವಿರಕ್ಕೆ ಒಂದು. ಒಬ್ಬನ ಸಂಬಳಕ್ಕೆ ನೂರು ಪಟ್ಟು ಸುರಕ್ಷತೆ. ಅಗ್ಗದ ವ್ಯಾಪಾರವೇ ಸರಿ!

ಆದರೆ ಈ ಗುಣಾಕಾರಕ್ಕೊಂದು ಕರಾರಿದೆ. ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಒಂದೇ ಗಡಿಯಾರವನ್ನು ನೋಡಿ ಇಬ್ಬರು ಹೊತ್ತು ಹೇಳಿದರೆ ಸಾಕ್ಷಿ ಇಬ್ಬರದಲ್ಲ, ಗಡಿಯಾರದ್ದು. ಆದುದರಿಂದಲೇ ವೇಗವನ್ನು ಅಳೆಯುವ ನಳಿಗೆ ಎಡದವನಿಗೊಂದು, ಬಲದವನಿಗೊಂದು ಬೇರೆ ಬೇರೆಯಾಗಿರುತ್ತದೆ. ಇದನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಯಲಬುರ್ಗಾ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, 'ಸರ್, ಸಣ್ಣವ ದೊಡ್ಡವಗ ಅಂಜಿದ್ರ?' ಎಂದು ಕೇಳಿದ. ನಾನು ಬೀಜಗಣಿತದಿಂದ ಹೇಳಲೆತ್ನಿಸಿದುದನ್ನು ಅವನು ನಾಲ್ಕೇ ಮಾತಿನಲ್ಲಿ ಮುಗಿಸಿದ್ದ. ಅಂಜಿದರೆ ಗುಣಾಕಾರ ಕೆಡುತ್ತದೆ.

ಅದು ಹೇಗೆ ಕೆಡುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ 166 ಜನರನ್ನು ಹೊತ್ತು ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ನಿಲ್ದಾಣವಿರುವುದು ಗುಡ್ಡದ ನೆತ್ತಿಯಲ್ಲಿ. ಓಡುದಾರಿಯ ಉದ್ದ ಸುಮಾರು 2,450 ಮೀಟರು, ಅದರಾಚೆ ಕಣಿವೆ. ಕ್ಯಾಪ್ಟನ್ನರು ಹತ್ತು ಸಾವಿರ ಗಂಟೆಗಳಿಗೂ ಮಿಕ್ಕಿ ಹಾರಿಸಿದ ಅನುಭವಿಗಳು. ಆದರೆ ಧ್ವನಿಮುದ್ರಿಕೆಯಲ್ಲಿ ಉಳಿದ ಎರಡು ಗಂಟೆಗಳ ಪೈಕಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಅವರು ನಿದ್ರಿಸಿದ್ದರೆಂದು ವಿಚಾರಣಾ ಸಮಿತಿ ಕಂಡುಕೊಂಡಿತು. ಗಾಢ ನಿದ್ರೆಯಿಂದ ಎದ್ದವನ ಬುದ್ಧಿ ಕೆಲವು ನಿಮಿಷ ಮಂಕಾಗಿರುತ್ತದೆ. ತಾನು ಮಂಕಾಗಿರುವೆನೆಂಬುದು ಮಾತ್ರ ಅವನಿಗೆ ತಿಳಿಯುವುದಿಲ್ಲ.

ಇಳಿಯುವ ವಿಮಾನ ಸಾಮಾನ್ಯವಾಗಿ ನೆಲಕ್ಕೆ ಮೂರು ಡಿಗ್ರಿಯ ಕೋನದಲ್ಲಿ, ಒಂದು ನಾವಿಕ ಮೈಲಿಗೆ ಸುಮಾರು 300 ಅಡಿಯಂತೆ ಕೆಳಗೆ ಬರಬೇಕು. ಈ ವಿಮಾನ ಆ ಗೆರೆಗಿಂತ ಬಹಳ ಮೇಲಿತ್ತು. ಸಹಚಾಲಕರಿಗೆ ಅದು ಕಂಡಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆನ್ನುವ 'ಗೋ ಅರೌಂಡ್' ಎಂಬ ಮಾತನ್ನು ಅವರು ಮೂರು ಬಾರಿ ಹೇಳಿದರು. ನೆಲ ಹತ್ತಿರವಾಯಿತೆಂದು ಎಚ್ಚರಿಸುವ ಯಂತ್ರವೂ ಕೂಗಿತು. ವಿಮಾನ ಇಳಿಯುತ್ತಲೇ ಹೋಯಿತು. ಅದು ನೆಲ ಮುಟ್ಟುವ ಹೊತ್ತಿಗೆ ಓಡುದಾರಿಯ ಸುಮಾರು 1,600 ಮೀಟರು ಹಿಂದೆ ಸರಿದಿತ್ತು. ಸೆಕೆಂಡಿಗೆ ಸುಮಾರು 70 ಮೀಟರು ಓಡುವ ವಾಹನಕ್ಕೆ ಉಳಿದ ದೂರ ಹನ್ನೆರಡು ಸೆಕೆಂಡಿನ ದಾರಿ. ನೆಲ ಮುಟ್ಟಿದ ಮೇಲೆ ಮತ್ತೆ ಮೇಲೇರಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ವಿಮಾನ ಕಣಿವೆಗೆ ಬಿದ್ದು 158 ಜನ ಸತ್ತರು. ಎಂಟು ಮಂದಿ ಉಳಿದರು.

ಸಹಚಾಲಕರು ಸುಮ್ಮನಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವರು ಕಂಡರು, ಹೇಳಿದರು, ಮತ್ತೆ ಹೇಳಿದರು. ಆದರೆ ಹಿಡಿಯನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಸಹಚಾಲಕನು ತಾನಾಗಿಯೇ ವಿಮಾನವನ್ನು ಮೇಲೇರಿಸಬಹುದೇ ಎಂಬ ಬಗ್ಗೆ ನಿಯಮಗಳಲ್ಲಿದ್ದ ಅಸ್ಪಷ್ಟತೆಯೇ ಬಹುಶಃ ಅದಕ್ಕೆ ಕಾರಣವೆಂದು ಸಮಿತಿ ಬರೆಯಿತು. ದೋಷವನ್ನು ಸತ್ತವರೊಬ್ಬರ ಮೇಲೆ ಹೊರಿಸಿ ಕೈತೊಳೆದುಕೊಳ್ಳದೆ, ನಿಯಮದ ಭಾಷೆಯವರೆಗೂ ಹೋದುದು ಆ ವರದಿಯ ಹಿರಿಮೆಯೆಂದು ನನಗೆ ತೋರುತ್ತದೆ.

ಇದು ನಮ್ಮ ನಾಡಿನ ಸಂಕೋಚವೆಂದು ತಿಳಿಯಬೇಕಾಗಿಲ್ಲ. 1977ರಲ್ಲಿ ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮುಂದಿನ ವಿಮಾನ ಓಡುದಾರಿ ಬಿಟ್ಟಿದೆಯೇ ಎಂದು ಡಚ್ ವಿಮಾನದ ಎಂಜಿನಿಯರರು ಮಂಜಿನಲ್ಲಿ ಸಂಶಯಪಟ್ಟು ಕೇಳಿದ್ದರು. ಹಿರಿಯ ಕ್ಯಾಪ್ಟನ್ನರು ಮುಂದುವರಿದರು. 583 ಜನ ಸತ್ತರು. ಇಂತಹ ಅಪಘಾತಗಳ ಬಳಿಕ, 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಗೋಷ್ಠಿಯಿಂದ ಚಾಲಕರಿಗೆ ಹೊಸ ಬಗೆಯ ಶಿಕ್ಷಣ ಮೊದಲಾಯಿತು. ಅದರಲ್ಲಿ ಕಿರಿಯನಿಗೆ ಮಾತನಾಡುವುದನ್ನು ಕಲಿಸುತ್ತಾರೆ; ಹಿರಿಯನಿಗೆ ಕೇಳುವುದನ್ನು ಕಲಿಸುತ್ತಾರೆ. ಎರಡನೆಯದೇ ಕಷ್ಟವೆಂಬುದು ಅಧ್ಯಾಪಕನಾದ ನನ್ನ ಊಹೆ!

ಒಂದು ಕಾಲದಲ್ಲಿ ದೂರದ ವಿಮಾನಗಳಲ್ಲಿ ದಾರಿಗಾರ, ರೇಡಿಯೋ ನಿರ್ವಾಹಕ, ಎಂಜಿನಿಯರ್ ಎಂದು ಇನ್ನೂ ಮೂವರಿರುತ್ತಿದ್ದರು. ಯಂತ್ರಗಳು ಅವರ ಕೆಲಸ ವಹಿಸಿಕೊಂಡವು. ಈಗ ದೀರ್ಘ ಪಯಣದ ನಡುವೆ ಒಬ್ಬನು ಮಲಗಿರುವಾಗ ಇನ್ನೊಬ್ಬನೇ ವಿಮಾನ ನಡೆಸಲಿ ಎಂಬ ಸಲಹೆ ಬಂದಿದೆ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇದನ್ನು ಅಧ್ಯಯನ ಮಾಡಿಸಿ, ಇಂದಿನ ಚಾಲಕಕೋಣೆಗಳಲ್ಲಿ ಇಬ್ಬರಿರುವಾಗಿನಷ್ಟು ಸುರಕ್ಷತೆ ಅದರಿಂದ ದೊರೆಯುವುದೆಂದು ತೋರಿಸಲಾಗಲಿಲ್ಲವೆಂದು 2025ರಲ್ಲಿ ಪ್ರಕಟಿಸಿತು. ಅದು ಗುರುತಿಸಿದ ತೊಡಕುಗಳಲ್ಲಿ, ನಿದ್ರೆಯಿಂದ ಆಗತಾನೆ ಎದ್ದ ಚಾಲಕನ ಮಂಕು ಸಹ ಒಂದು.